ಹಳ್ಳಿಯಲ್ಲಿ ಅಗ್ನಿಶಾಮಕ ಠಾಣೆಯವರಿಂದ ಪ್ರಾತ್ಯಕ್ಷಿಕೆ ಮಾಡಿಸಬೇಕು: ಏನು ಕೇಳಿಕೊಳ್ಳಬೇಕು, ಏನು ಸಿದ್ಧ ಇಡಬೇಕು? (ಮಂಡ್ಯ)

ನಾಲೆಬಯಲು:

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ತಾಲ್ಲೂಕಿನ ಹಳ್ಳಿ, ಸುಮಾರು 220 ಮನೆ. ಅಗ್ನಿಶಾಮಕ ಠಾಣೆ 17 ಕಿ.ಮೀ. ದೂರ. ರಸ್ತೆ ನೋಡಿದರೆ ಗಾಡಿ ಬರೋಕೆ ಅರ್ಧ ಗಂಟೆ ಹಿಡಿಯುತ್ತೆ. ಯುವಕ ಸಂಘದವರು, ಸ್ತ್ರೀಶಕ್ತಿ ಸಂಘದವರು ಸೇರಿ ಠಾಣೆಯವರನ್ನು ಊರಿಗೆ ಕರೆಸಿ ಒಂದು ಪ್ರಾತ್ಯಕ್ಷಿಕೆ ಮಾಡಿಸೋಣ ಅಂತ ತೀರ್ಮಾನ ಮಾಡಿದ್ದೇವೆ. ಭಾಷಣ, ಹಾರ, ಫೋಟೊ ಅಷ್ಟಕ್ಕೇ ಮುಗಿಯಬಾರದು, ಜನ ಕೈಯಾರೆ ಕಲಿಯಬೇಕು ಅನ್ನೋದು ಆಸೆ.

ನಮ್ಮಲ್ಲಿ ಬೆಂಕಿಯ ಭಯ ಇರೋದು ಇಲ್ಲಿ: ಒಕ್ಕಣೆ ಆದ ಮೇಲೆ ಊರ ಹಿಂದಿನ ಕಣಗಳಲ್ಲಿ ಸಾಲಾಗಿ ನಿಲ್ಲುವ ಹುಲ್ಲಿನ ಮೆದೆಗಳು, ಕಟಾವಾದ ಗದ್ದೆಯ ತರಗಿಗೆ ಇಟ್ಟ ಬೆಂಕಿ ಪಕ್ಕದ ಕಬ್ಬಿಗೆ ಹತ್ತೋದು, ಮನೆಗಳ ಗ್ಯಾಸು. ಎರಡು ಆಲೆಮನೆಗಳೂ ಇವೆ.

ಅರ್ಜಿ ಯಾರಿಗೆ ಕೊಡಬೇಕು? ಏನೇನು ತೋರಿಸಿ ಅಂತ ಕೇಳಬೇಕು? ಗಾಡಿ ಬರುವ ತನಕದ ಆ ಅರ್ಧ ಗಂಟೆಯಲ್ಲಿ ಊರಿನವರು ಏನು ಮಾಡಬಹುದು, ಏನು ಮಾಡಲೇಬಾರದು? ತಿಳಿದವರು ಹೇಳಿ.

ಸೈರನ್‌ಸದ್ದು:

ಅರ್ಜಿಯನ್ನು ನಿಮ್ಮ ವ್ಯಾಪ್ತಿಯ ಅಗ್ನಿಶಾಮಕ ಠಾಣಾಧಿಕಾರಿಯವರಿಗೆ ಬರೆಯಿರಿ, ಒಂದು ಪ್ರತಿ ಜಿಲ್ಲಾ ಅಗ್ನಿಶಾಮಕ ಅಧಿಕಾರಿಯವರಿಗೆ ಕೊಡಿ. ಪಂಚಾಯಿತಿಯ ಪಿಡಿಒ ಸಹಿ ಇದ್ದರೆ ಒಳ್ಳೆಯದು. ಒಂದೇ ದಿನಾಂಕ ಬರೆಯಬೇಡಿ, ಎರಡು ಮೂರು ಕೊಡಿ. ಎಷ್ಟು ಜನ ಸೇರುತ್ತಾರೆ, ಯಾವ ಮೈದಾನ, ಊರಿನಲ್ಲಿ ಯಾವ ಯಾವ ಅಪಾಯ ಇದೆ ಅಂತ ನೀವು ಇಲ್ಲಿ ಬರೆದ ಹಾಗೇ ಅಲ್ಲೂ ಬರೆಯಿರಿ. ಅದನ್ನು ನೋಡಿಯೇ ಅವರು ಸಾಮಾನು ತರುತ್ತಾರೆ.

ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಎಲ್ಲರೂ ಆ ವಾರವೇ ಕರೆಯುತ್ತಾರೆ. ನಿಮಗೆ ಆ ವಾರ ಬೇಡ. ಮೆದೆ ಹಾಕುವುದಕ್ಕೆ ಮುಂಚೆ, ಡಿಸೆಂಬರ್ ಹೊತ್ತಿಗೆ ಕರೆಸಿದರೆ ಮೆದೆ ಎಲ್ಲಿ ಹಾಕಬೇಕು ಅನ್ನುವುದನ್ನೂ ಅವರ ಕೈಲೇ ಜಾಗ ನೋಡಿಸಬಹುದು. ಇನ್ನೊಂದು ಮಾತು ಊರಿನವರಿಗೆ ಮೊದಲೇ ಹೇಳಿಡಿ: ಬಂದ ಗಾಡಿ ಕರ್ತವ್ಯದ ಗಾಡಿಯೇ. ಮಧ್ಯದಲ್ಲಿ ಕರೆ ಬಂದರೆ ಪೈಪ್ ಸುತ್ತಿಕೊಂಡು ಹೊರಟುಬಿಡುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳಬಾರದು.

ಏನು ತೋರಿಸಬೇಕು ಅಂದರೆ, ಉರಿಯುವ ಸಿಲಿಂಡರಿಗೆ ಒದ್ದೆ ಗೋಣಿಚೀಲ ಹೊದಿಸುವುದನ್ನು ತಪ್ಪದೆ ಕೇಳಿ. ಸಿಬ್ಬಂದಿ ಮಾಡಿ ತೋರಿಸಿದರೆ ಜನ ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾರೆ. ದಿನಾ ಅಡುಗೆ ಮಾಡುವವರು ಕಡೇಪಕ್ಷ ಇಪ್ಪತ್ತು ಜನ ಒಬ್ಬೊಬ್ಬರಾಗಿ ಮುಂದೆ ಬಂದು ಅವರ ಮೇಲ್ವಿಚಾರಣೆಯಲ್ಲಿ ಮಾಡಬೇಕು. ಅದರ ಕ್ರಮ ಹೀಗೆ. ಚೀಲವನ್ನು ಬಕೆಟ್ಟಿನಲ್ಲಿ ಪೂರ್ತಿ ಅದ್ದಬೇಕು, ಜೋರಾಗಿ ಹಿಂಡಬಾರದು, ನೀರು ತೊಟ್ಟಿಕ್ಕುತ್ತಿರಬೇಕು. ಮೇಲಂಚಿನ ಎರಡು ಮೂಲೆ ಹಿಡಿದು ಅಂಚನ್ನು ಮುಷ್ಟಿಯ ಮೇಲೆ ಒಂದು ಸುತ್ತು ಮಡಚಿಕೊಳ್ಳಬೇಕು, ಬೆರಳು ಬೆಂಕಿಗೆ ಕಾಣಬಾರದು. ಗಾಳಿ ಬೆನ್ನಿಗೆ ಬೀಸುವ ಹಾಗೆ ನಿಂತು, ಚೀಲವನ್ನು ಮುಖ ಎದೆಗೆ ಅಡ್ಡವಾಗಿ ಗುರಾಣಿಯ ಹಾಗೆ ಹಿಡಿದು ಹತ್ತಿರ ಹೋಗಬೇಕು. ಚೀಲದ ಕೆಳಗಿನ ಭಾಗ ಮೊದಲು ನಮ್ಮ ಕಡೆಯ ಸಿಲಿಂಡರಿಗೆ ತಾಗಬೇಕು, ಆಮೇಲೆ ಮೇಲಿನ ಭಾಗವನ್ನು ಆಚೆಗೆ ಮಲಗಿಸಬೇಕು. ಭಯದಲ್ಲಿ ದೂರದಿಂದ ಎಸೆಯುವವರೇ ಜಾಸ್ತಿ. ಎಸೆದರೆ ಒಂದು ಕಡೆ ಎದ್ದು ನಿಂತು, ಉರಿ ಆ ಸಂದಿಯಿಂದ ನಮ್ಮ ಕೈಗೇ ನುಗ್ಗುತ್ತೆ. ಹೊದಿಸಿದ ಕೂಡಲೇ ಚೀಲದ ಮೇಲಿಂದಲೇ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಬೇಕು. ಬಂದ್ ಮಾಡದಿದ್ದರೆ ಬೆಂಕಿ ಆರಿದರೂ ಗ್ಯಾಸ್ ಬರುತ್ತಲೇ ಇರುತ್ತೆ.

ಎರಡನೆಯದು, ಫೋನಿನಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಸಿ. 101 ಅಥವಾ 112. ‘ನಮ್ಮೂರಲ್ಲಿ ಬೆಂಕಿ, ಬೇಗ ಬನ್ನಿ’ ಅಂತ ಹೇಳಿ ಇಟ್ಟುಬಿಡುತ್ತಾರೆ. ಹೊಸಹಳ್ಳಿ ಅಂದರೆ ಜಿಲ್ಲೆಯಲ್ಲಿ ಎಷ್ಟೊಂದು ಹೊಸಹಳ್ಳಿ! ಊರು, ಹೋಬಳಿ, ಮುಖ್ಯ ರಸ್ತೆಯಿಂದ ಎಲ್ಲಿ ತಿರುಗಬೇಕು, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಸಿಕ್ಕಿದ್ದಾರಾ, ಇಷ್ಟನ್ನು ಹೇಳಬೇಕು. ಅವರು ಸಾಕು ಅನ್ನುವ ತನಕ ಫೋನ್ ಇಡಬಾರದು. ಠಾಣೆಯ ನೇರ ನಂಬರನ್ನೂ ಕೇಳಿಕೊಂಡು ಡೇರಿ ಗೋಡೆ, ಅಂಗನವಾಡಿ ಗೋಡೆ, ನ್ಯಾಯಬೆಲೆ ಅಂಗಡಿ ಗೋಡೆಗಳಲ್ಲಿ ಬಣ್ಣದಲ್ಲಿ ಬರೆಸಿ.

ಕಣಮೆದೆ:

ಮೆದೆ, ಕಬ್ಬಿನ ವಿಚಾರ ನಾನು ಬರೆಯುತ್ತೇನೆ. ಮೇಲೆ ಹೇಳಿದ ಸಪ್ತಾಹದ ಮೂಲಕ್ಕೂ ಮೆದೆಗೂ ಸಂಬಂಧ ಇದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಅನ್ನುವ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಆ ಹಡಗಿನಲ್ಲಿ ಸ್ಫೋಟಕಗಳ ಜೊತೆಗೆ ಹತ್ತಿ ಮೂಟೆಗಳಿದ್ದವು. ಹತ್ತಿಯ ಒಳಗೆ ಬೆಂಕಿ ಕುಳಿತಿತ್ತು. ಮೇಲಿಂದ ಎಷ್ಟು ನೀರು ಸುರಿದರೂ ಅದರ ಬುಡ ಸಿಗಲಿಲ್ಲ. ಹುಲ್ಲಿನ ಮೆದೆಯ ಬೆಂಕಿಯದೂ ಇದೇ ಗುಣ. ಮಳೆ ನೀರು ಒಳಗಿಳಿಯದೆ ಜಾರಿ ಹೋಗಲಿ ಅಂತಲೇ ಮೆದೆ ಒಟ್ಟಿರುತ್ತೇವೆ. ಬಿಂದಿಗೆ ನೀರೂ ಹಾಗೇ ಜಾರಿ ಹೋಗುತ್ತೆ.

ಅದಕ್ಕೇ ಮೊದಲ ಮಾತು: ಪೂರ್ತಿ ಹತ್ತಿಕೊಂಡ ಮೆದೆಯನ್ನು ಉಳಿಸಲು ಹೋಗಬೇಡಿ, ಪಕ್ಕದ ಮೆದೆಯನ್ನು ಉಳಿಸಿ. ಇರುವ ನೀರನ್ನೆಲ್ಲ ಗಾಳಿ ಹೋಗುವ ದಿಕ್ಕಿನ ಪಕ್ಕದ ಮೆದೆಯ ಮೇಲೆ, ಹತ್ತಿರದ ಮನೆಯ ತೆಂಗಿನ ಗರಿಯ ಚಪ್ಪರದ ಮೇಲೆ ಹಾಕಿ. ಉರಿಯುವ ಮೆದೆಯನ್ನು ಗುದ್ದಲಿ, ಬಿದಿರು ಹಾಕಿ ಕೆದಕಿದರೆ ಒಳಗೆ ಗಾಳಿ ಹೊಕ್ಕು ಕಿಡಿ ಊರ ತುಂಬ ಹಾರುತ್ತೆ. ಕೆಡವುವ ಕೆಲಸ ಗಾಡಿ ಬಂದ ಮೇಲೆ: ಪದರ ಪದರವಾಗಿ ಎಳೆದು, ತೆಳ್ಳಗೆ ಹರಡಿ, ನೆನೆಸಬೇಕು. ಆರಿತು ಅಂತ ಕಂಡ ಮೇಲೂ ಎರಡು ದಿನ ರಾತ್ರಿ ಹಗಲು ಕಾವಲಿರಬೇಕು.

ಊರಿನಲ್ಲಿ ಇರುವ ಒಳ್ಳೆಯ ಸಾಧನ ಅಂದರೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್. ಟ್ರ್ಯಾಕ್ಟರಿಗೆ ಕಟ್ಟಿದ 500 ಲೀಟರ್ ಟ್ಯಾಂಕು, ಪೈಪ್, ಗನ್ ಇದ್ದರೆ ಅದೇ ನಿಮ್ಮ ಮೊದಲ ಗಾಡಿ. 200 ಲೀಟರ್ ನೀರಿಗೆ ಒಂದೆರಡು ಹಿಡಿ ಸೋಪಿನ ಪುಡಿ ಕಲಸಿ. ಬರೀ ನೀರು ಹುಲ್ಲಿನ ಮೇಲೆ ಮಣಿಯಾಗಿ ಉರುಳುತ್ತೆ, ಸೋಪಿನ ನೀರು ಹುಲ್ಲಿಗೆ ಹಿಡಿದು ಒಳಗಿಳಿಯುತ್ತೆ. ಟ್ಯಾಂಕನ್ನು ಔಷಧಿಯ ವಾಸನೆ ಹೋಗುವ ಹಾಗೆ ತೊಳೆದು ತುಂಬಿಸಿಡಿ. ಇಲ್ಲದಿದ್ದರೆ ಉಳಿದ ಹುಲ್ಲು ತಿಂದ ದನಕ್ಕೆ ವಿಷ. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರ್ ಸ್ಪ್ರೇಯರ್ ಹಾರಿ ಬಿದ್ದ ಕಿಡಿ ಆರಿಸಲು ಸಾಕು, ದೊಡ್ಡ ಬೆಂಕಿಗೆ ಅಲ್ಲ.

ಮೆದೆ ತಾನಾಗಿ ಹತ್ತಿಕೊಳ್ಳುತ್ತೆ ಅಂದರೆ ನಂಬದವರಿದ್ದಾರೆ. ಹುಲ್ಲು ಹಸಿ ಇರುವಾಗಲೇ ಒಟ್ಟಿದರೆ, ಅಥವಾ ಯಂತ್ರದಲ್ಲಿ ಬಿಗಿಯಾಗಿ ಸುತ್ತಿದ ಹಸಿ ಉಂಡೆಗಳನ್ನು ಅಡಕಿದರೆ, ಒಳಗೆ ಸೂಕ್ಷ್ಮಜೀವಿಗಳು ಕೆಲಸ ಮಾಡಿ ಕಾವು ಏರುತ್ತೆ. ತೇವ ಶೇ 20ಕ್ಕಿಂತ ಹೆಚ್ಚಿದ್ದರೆ ಈ ಭಯ ಇದ್ದೇ ಇದೆ. ಕಾವು ಹೊರಗೆ ಹೋಗಲು ದಾರಿ ಇಲ್ಲದೆ ವಾರಗಟ್ಟಲೆ ಸೇರಿ ಸೇರಿ ಒಂದು ದಿನ ಹೊಗೆ ಕಾಣುತ್ತೆ. ನೋಡುವ ಬಗೆ ಸುಲಭ. ಆರಡಿ ಕಬ್ಬಿಣದ ಸಲಾಕೆಯನ್ನು ಮೆದೆಯ ನಡುವಿಗೆ ತೂರಿಸಿ ಕಾಲು ಗಂಟೆ ಬಿಟ್ಟು ಹೊರಗೆಳೆಯಿರಿ, ತುದಿಯನ್ನು ಹಿಡಿದು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ವಾರಕ್ಕೊಮ್ಮೆ ನೋಡುತ್ತಿರಿ. ಕೈಲಿ ಹಿಡಿಯಲು ಆಗದಷ್ಟು ಸುಡುತ್ತಿದ್ದರೆ, ಹುಳಿ ಹುಳಿ ಸುಟ್ಟ ವಾಸನೆ ಬರುತ್ತಿದ್ದರೆ, ನೀವಾಗಿ ಬಿಚ್ಚಬೇಡಿ. ಬಿಚ್ಚಿದ ಕೂಡಲೇ ಗಾಳಿ ತಾಗಿ ಧಗ್ ಅನ್ನುತ್ತೆ. ಠಾಣೆಗೆ ಫೋನ್ ಮಾಡಿ, ನೀರು ಸಿದ್ಧ ಇಟ್ಟುಕೊಂಡೇ ಬಿಚ್ಚಬೇಕು.

ಕೊಟ್ಟಿಗೆ ಪಕ್ಕದಲ್ಲಿದ್ದರೆ ಎಲ್ಲಕ್ಕಿಂತ ಮೊದಲು ದನ. ಗಂಟು ಬಿಚ್ಚುತ್ತಾ ಕೂರಬೇಡಿ, ಕುಡುಗೋಲಿನಲ್ಲಿ ಹಗ್ಗ ಕೊಯ್ಯಿರಿ. ಹೊರಗೆ ಓಡಿಸಿ ಬಿಟ್ಟರೆ ಸಾಲದು. ಬೆದರಿದ ದನ ತನ್ನ ಕೊಟ್ಟಿಗೆಗೇ ವಾಪಸ್ ನುಗ್ಗುತ್ತೆ. ಗಾಳಿ ಬರುವ ಕಡೆಗೆ ದೂರ ಕರೆದೊಯ್ದು ಕಟ್ಟಬೇಕು.

ಇನ್ನು ಕಬ್ಬಿನ ತರಗು. ಸುಡದೇ ಇರುವುದೇ ಸರಿ. ಕೂಳೆ ಬೆಳೆಯಲ್ಲಿ ಸಾಲು ಬಿಟ್ಟು ಸಾಲಿಗೆ ತರಗು ಹಾಸಿದರೆ ತೇವ ನಿಲ್ಲುತ್ತೆ, ಕಳೆ ಕಡಿಮೆ, ಆಮೇಲೆ ಅದೇ ಗೊಬ್ಬರ. ಸುಟ್ಟೇ ತೀರುತ್ತೇವೆ ಅನ್ನುವವರು ಪಕ್ಕದ ಗದ್ದೆಯವರಿಗೆ ಹೇಳಿ, ಸುತ್ತ ಹತ್ತಡಿ ಅಗಲ ತರಗು ಗುಡಿಸಿ ನೆಲ ಕಾಣಿಸಿ, ಗಾಳಿ ಕಡಿಮೆ ಇರುವ ಹೊತ್ತಿನಲ್ಲಿ, ಸ್ಪ್ರೇಯರ್ ಹಿಡಿದ ನಾಲ್ಕು ಜನ ನಿಂತು, ಗಾಳಿ ಹೋಗುವ ಕಡೆಯ ಅಂಚಿನಿಂದ ಹಚ್ಚಬೇಕು. ಆಗ ಬೆಂಕಿ ಗಾಳಿಗೆ ಎದುರಾಗಿ ನಿಧಾನಕ್ಕೆ ನಡೆಯುತ್ತೆ. ಗಾಳಿ ಬರುವ ಕಡೆಯಿಂದ ಹಚ್ಚಿದರೆ ಅದು ಓಡುತ್ತೆ, ಅದರ ಹಿಂದೆ ಓಡುವವರು ನೀವು. ಪಕ್ಕದ ನಿಂತ ಕಬ್ಬಿಗೆ ಹತ್ತಿದರೆ ಒಳಗೆ ಯಾರೂ ಹೋಗಕೂಡದು. ಕಬ್ಬಿನೊಳಗೆ ದಾರಿ ಕಾಣಲ್ಲ, ಹೊಗೆಯಲ್ಲಿ ದಿಕ್ಕು ತಪ್ಪುತ್ತೆ. ಬೆಂಕಿಗಿಂತ ಸಾಕಷ್ಟು ಮುಂದೆ ಹೋಗಿ ಬದು, ಕಾಲುವೆ, ಬಂಡಿದಾರಿ ಇರುವ ಕಡೆ ಕಬ್ಬು ಕಡಿದು ತೆರಪು ಮಾಡಬೇಕು.

ಆಲೆಮನೆಗೆ ಒಂದೇ ಮಾತು. ಒಲೆ ಬಾಯಿಯ ಹತ್ತಿರ ಆ ಹೊತ್ತಿಗೆ ಬೇಕಾದಷ್ಟೇ ಒಣ ಸಿಪ್ಪೆ ಇರಲಿ. ದೊಡ್ಡ ರಾಶಿ ದೂರ ಇರಬೇಕು, ನಡುವಿನ ಜಾಗವನ್ನು ದಿನಾ ಗುಡಿಸಬೇಕು. ರಾಶಿಯಿಂದ ಒಲೆವರೆಗೆ ಉದುರಿದ ಸಿಪ್ಪೆಯೇ ಬತ್ತಿಯ ಹಾಗೆ ಬೆಂಕಿಯನ್ನು ರಾಶಿಗೆ ಒಯ್ಯುವುದು.

ಒಲೆಕಟ್ಟೆ:

ಗ್ಯಾಸಿನ ಬಗ್ಗೆ ಒಂದು ತಿದ್ದುಪಡಿ ಸೇರಿಸಬೇಕು ಸೈರನ್‌ಸದ್ದು ಸರ್. ಗೋಣಿಚೀಲದ ಪಾಠ ಬಯಲಿನಲ್ಲಿ ಸರಿ. ಮನೆಯೊಳಗೆ, ವಾಲ್ವ್ ಬಂದ್ ಮಾಡಲು ಆಗದ ಸ್ಥಿತಿಯಲ್ಲಿ ಉರಿ ಆರಿಸಿದರೆ ಗ್ಯಾಸು ಕೋಣೆ ತುಂಬಿ, ಆಮೇಲೆ ಒಂದು ಕಿಡಿಗೆ ಮನೆಯೇ ಹೋಗುತ್ತೆ. ಬಂದ್ ಮಾಡಲು ಆಗಲ್ಲ ಅಂದರೆ ಉರಿಯುವುದು ಉರಿಯಲಿ, ಎಲ್ಲರೂ ಹೊರಗೆ ಬನ್ನಿ. ಸಿಲಿಂಡರ್ ಮಲಗಿದ್ದು ಅದರ ಮೈಗೇ ಉರಿ ತಾಗುತ್ತಿದ್ದರೆ, ಸದ್ದು ಜೋರಾಗುತ್ತಾ ಹೋದರೆ, ಒಂದು ಕ್ಷಣವೂ ಹತ್ತಿರ ನಿಲ್ಲಬಾರದು. ಇದನ್ನು ಪ್ರಾತ್ಯಕ್ಷಿಕೆಯಲ್ಲಿ ಬಾಯಿಬಿಟ್ಟು ಹೇಳಿಸಿ. ಇಲ್ಲದಿದ್ದರೆ ಜನ ಧೈರ್ಯ ಒಂದನ್ನೇ ಕಲಿತು ಹೋಗುತ್ತಾರೆ.

ಹಳ್ಳಿ ಮನೆಗಳಲ್ಲಿ ನಿಜವಾದ ಅಪಾಯ ಸೌದೆ ಒಲೆ ಮತ್ತು ಗ್ಯಾಸ್ ಒಂದೇ ಕೋಣೆಯಲ್ಲಿರುವುದು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನ ಹಾಗೆ ಹರಿಯುತ್ತೆ. ಸೌದೆ ಒಲೆ ಇರುವುದೂ ನೆಲದಲ್ಲೇ. ಸೋರಿದ ಗ್ಯಾಸು ನೇರ ಕೆಂಡಕ್ಕೆ ಹೋಗುತ್ತೆ. ಎರಡನ್ನೂ ಬೇರೆ ಕೋಣೆಗೆ ಹಾಕಿ. ಅದಾಗದಿದ್ದರೆ ಸಿಲಿಂಡರನ್ನು ಹೊರಗಿನ ಗೋಡೆಯ ಕಡೆ, ಬಾಗಿಲ ಹತ್ತಿರ ಇಡಿ. ಕಟ್ಟೆಯ ಕೆಳಗೆ ಕಬೋರ್ಡಿನಲ್ಲಿ ಇಡುವವರು ಬಾಗಿಲಿನ ಕೆಳ ಅಂಚಿನಲ್ಲಿ ಗಾಳಿ ತೂತು ಬಿಡಲೇಬೇಕು.

ಸಿಲಿಂಡರ್ ಬಂದ ದಿನ ಡೆಲಿವರಿ ಹುಡುಗನ ಎದುರಿಗೇ ಸೀಲ್ ತೆಗೆದು ವಾಲ್ವಿನ ಬಾಯಿ ನೋಡಿ. ಒಳಗೆ ಕಪ್ಪು ರಬ್ಬರ್ ವಾಷರ್ ಕಾಣಬೇಕು: ಪೂರ್ತಿ ಉಂಗುರ, ಎಲ್ಲೂ ಸೀಳಿರಬಾರದು, ಹೊರಳಿರಬಾರದು. ಬಾಯಿಗೆ ಸ್ವಲ್ಪ ನೀರು ಬಿಟ್ಟರೆ ಗುಳ್ಳೆ ಏಳಬಾರದು. ಎದ್ದರೆ ಪಿನ್ನಿನಲ್ಲಿ ಸೋರಿಕೆ, ಅದನ್ನು ತಿರುಗಿ ಕಳಿಸಿ. ರೆಗ್ಯುಲೇಟರ್ ಕೂರಿಸಿದ ಮೇಲೆ ಸೋಪಿನ ನೊರೆಯನ್ನು ಎರಡೂ ಕೂಡುವ ಜಾಗಕ್ಕೆ, ಪೈಪಿನ ಎರಡು ತುದಿಗೆ ಹಚ್ಚಿ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು, ಪೈಪಿನ ಮೇಲೆ ವರ್ಷ ಅಚ್ಚಾಗಿರುತ್ತೆ. ಇಲಿ ಕಡಿದ ಗುರುತು ಕಂಡರೆ 5 ತಿಂಗಳಾಗಿದ್ದರೂ ಬದಲಿಸಿ. ಸಿಲಿಂಡರಿನ ಕತ್ತಿನ ಪಟ್ಟಿಯಲ್ಲಿ ‘ಸಿ-27’ ಥರ ಬರೆದಿರುತ್ತೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಉಳಿದ ಮೂರು ತಿಂಗಳು. ಆ ಅವಧಿಗೆ ಅದರ ಪರೀಕ್ಷೆ ಆಗಬೇಕು ಅಂತ. ಅವಧಿ ದಾಟಿದ್ದನ್ನು ತೆಗೆದುಕೊಳ್ಳಬೇಡಿ.

ವಾಸನೆ ಬಂದರೆ: ರೆಗ್ಯುಲೇಟರ್ ಬಂದ್, ಒಲೆಯ ಕೆಂಡಕ್ಕೆ ನೀರು ಹಾಕಲೂ ಒಳಗೆ ಹೋಗಬೇಡಿ, ಬಾಗಿಲು ಕಿಟಕಿ ತೆರೆಯಿರಿ. ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಬರುತ್ತೆ. ಕರೆಂಟ್ ತೆಗೆಯಲೇಬೇಕಿದ್ದರೆ ಹೊರಗಿರುವ ಮೇನ್ ತೆಗೆಯಿರಿ. ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ, ಅದೂ ಹೊರಗೆ ದೂರ ನಿಂತು.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಸ್ಟವ್ ಆರಿಸಿ ತಟ್ಟೆ ಮುಚ್ಚಿ, ತಣ್ಣಗಾಗುವ ತನಕ ತೆಗೆಯಬೇಡಿ. ನೀರು ಹಾಕಿದರೆ ಅದು ಎಣ್ಣೆಯ ತಳಕ್ಕಿಳಿದು ಒಂದೇ ಏಟಿಗೆ ಆವಿಯಾಗಿ, ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಮೇಲ್ಛಾವಣಿಗೆ ಎರಚುತ್ತೆ.

ನಾಲೆಬಯಲು:

ತುಂಬ ಉಪಕಾರ. ಇನ್ನು ಮೂರು ಪ್ರಶ್ನೆ. ಅಗ್ನಿನಂದಕ ಎಷ್ಟು ತರಬೇಕು? ಗಾಡಿಗೆ ನೀರು ತುಂಬಿಸಲು ನಮ್ಮಲ್ಲಿ ವಿಶ್ವೇಶ್ವರಯ್ಯ ನಾಲೆಯ ಕವಲು ಇದೆ, ಕೆರೆ ಇದೆ, ಸಾಕಾ? ಆಮೇಲೆ ಮೆದೆಗಳ ಮೇಲೆ ಕರೆಂಟ್ ತಂತಿ ಹಾದು ಹೋಗಿದೆ.

ಸೈರನ್‌ಸದ್ದು:

ಒಲೆಕಟ್ಟೆಯವರು ಹೇಳಿದ್ದು ಸರಿ. ನಾನು ಬರೆದದ್ದು ಬಯಲಿನಲ್ಲಿ ನಡೆಯುವ ಪ್ರಾತ್ಯಕ್ಷಿಕೆಗೆ, ಮನೆಯೊಳಗಿನ ಮಾತು ಬೇರೆ.

ಅಗ್ನಿನಂದಕ: 6 ಕೆ.ಜಿ. ಎಬಿಸಿ ಪುಡಿಯದ್ದು, ಅಂದರೆ ಕಟ್ಟಿಗೆ, ಎಣ್ಣೆ, ಗ್ಯಾಸ್ ಮೂರು ಥರದ ಬೆಂಕಿಗೂ ಆಗುವಂಥದ್ದು. ಐಎಸ್ 15683 ಗುರುತು ಇರಬೇಕು. ದೇವಸ್ಥಾನ ಅಥವಾ ಸಮುದಾಯ ಭವನಕ್ಕೆ ಎರಡು, ಡೇರಿಗೆ ಒಂದು, ಆಲೆಮನೆಗೆ ಒಂದೊಂದು. ಮೆದೆಗೆ ಅದು ಪ್ರಯೋಜನ ಇಲ್ಲ, ಮೇಲಿನ ಉರಿ ಆರಿದರೂ ಒಳಗಿನ ಕೆಂಡಕ್ಕೆ ಪುಡಿ ಮುಟ್ಟಲ್ಲ. ಬಳಸುವಾಗ ಪಿನ್ ಎಳೆದು, ಎರಡು ಮೂರು ಮೀಟರ್ ದೂರ ನಿಂತು, ಉರಿಯ ಬುಡಕ್ಕೆ ಗುರಿ ಇಟ್ಟು ಅಡ್ಡಡ್ಡ ಆಡಿಸಬೇಕು. ಎಲ್ಲ ಸೇರಿ 20 ಸೆಕೆಂಡ್ ಆಸುಪಾಸು ಬರುತ್ತೆ, ಅಷ್ಟೇ. ದೂರದಿಂದ ಜ್ವಾಲೆಯ ತುದಿಗೆ ಹೊಡೆದು ಖಾಲಿ ಮಾಡುವುದೇ ಸಾಮಾನ್ಯ ತಪ್ಪು. ತಿಂಗಳಿಗೊಮ್ಮೆ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಒಮ್ಮೆ ಅರ್ಧ ಸೆಕೆಂಡ್ ಒತ್ತಿದರೂ ಪುಡಿ ವಾಲ್ವಿನಲ್ಲಿ ಕೂತು ಒತ್ತಡ ಸೋರಿಹೋಗುತ್ತೆ, ಮತ್ತೆ ತುಂಬಿಸಲೇಬೇಕು.

ನೀರು: ಸಾಮಾನ್ಯವಾಗಿ ಒಂದು ಗಾಡಿಯಲ್ಲಿ 4,500 ಲೀಟರ್ ಇರುತ್ತೆ. ಒಂದು ಪೈಪ್ ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತೇ ನಿಮಿಷ. ಆದ್ದರಿಂದ ತುಂಬಿಸುವ ಜಾಗ ಗೊತ್ತಿರುವುದು ಗಾಡಿ ಬರುವುದರಷ್ಟೇ ಮುಖ್ಯ. ಕವಲು ನಾಲೆಯಲ್ಲಿ ನೀರು ಬಿಟ್ಟಾಗ ಮಾತ್ರ ನೀರು. ಕೆರೆಯನ್ನೇ ನಂಬಿ. ಗಾಡಿ ನಿಂತ ಜಾಗದಿಂದ ನೀರಿನ ಮಟ್ಟ 7 ಮೀಟರಿಗಿಂತ ಕೆಳಗಿದ್ದರೆ ಪಂಪು ಎಳೆಯಲ್ಲ. ದಡದ ಮಣ್ಣು ಮೆತ್ತಗಿದ್ದರೆ ತುಂಬಿದ ಗಾಡಿ ಹೂತುಕೊಳ್ಳುತ್ತೆ, ಒಂದು ಕಡೆ ಜಲ್ಲಿ ಹಾಕಿಸಿ ಗಟ್ಟಿ ಮಾಡಿ. ಹೀರುಪೈಪಿನ ತುದಿಗೆ ಹೂಳು, ಜೊಂಡು ಸಿಕ್ಕದ ಹಾಗೆ ಆ ಜಾಗ ಬಿಡಿಸಿ. ಪ್ರಾತ್ಯಕ್ಷಿಕೆಯ ದಿನ ಅದೇ ಜಾಗದಲ್ಲಿ ಗಾಡಿಗೆ ನೀರು ತುಂಬಿಸಿ ನೋಡಿ ಅಂತ ಕೇಳಿಕೊಳ್ಳಿ. ಭಾಷಣ ಅರ್ಧ ಗಂಟೆ ಕಡಿಮೆ ಮಾಡಿ, ಇದಕ್ಕೆ ಹೊತ್ತು ಕೊಡಿ. ಮೂರು ಮೂರೂವರೆ ಮೀಟರ್ ಅಗಲ ದಾರಿ ಬೇಕು. ಬೀದಿಗೆ ಅಡ್ಡ ಕಟ್ಟಿದ ಕೇಬಲ್, ಊರ ಬಾಗಿಲ ಕಮಾನು ಗಾಡಿಯ ತಲೆಗೆ ತಗುಲುತ್ತಾ ಅಂತಲೂ ಅವತ್ತೇ ಗೊತ್ತಾಗುತ್ತೆ.

ತಂತಿ: ಕೆಳಗೆ ಮೆದೆ ಬೇಡವೇ ಬೇಡ. ಜೋತ ತಂತಿ ಗಾಳಿಗೆ ಒಂದಕ್ಕೊಂದು ತಾಗಿದರೆ ಕರಗಿದ ಕಿಡಿ ಉದುರುತ್ತೆ. ಎಳೆದು ಬಿಗಿ ಮಾಡಿಕೊಡಿ ಅಂತ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೆಂಕಿ ಬಿದ್ದಾಗ ಲೈನ್‌ಮನ್ ಕರೆಂಟ್ ತೆಗೆದಿದ್ದೇನೆ ಅನ್ನುವ ತನಕ ಆ ಮೆದೆಗೆ ನೀರು ಹಾರಿಸಬಾರದು. ಟ್ರಾನ್ಸ್‌ಫಾರ್ಮರ್ ಹತ್ತಿರ ಊರಿನವರು ಕೈ ಹಾಕುವುದಂತೂ ಸಲ್ಲದು. ಲೈನ್‌ಮನ್ ನಂಬರನ್ನು 101ರ ಕೆಳಗೇ ಬರೆಸಿ.

ಹೊಂಗೆನೆರಳು:

ಎರಡು ವಿಷಯ ಬಿಟ್ಟುಹೋಗಿದೆ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, 20 ನಿಮಿಷ. ಪೇಸ್ಟು, ಇಂಕು, ಬೆಣ್ಣೆ, ಐಸು ಯಾವುದೂ ಬೇಡ. ಊದಿಕೊಳ್ಳುವ ಮುಂಚೆ ಬಳೆ ಉಂಗುರ ತೆಗೆಯಿರಿ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ. ಬಟ್ಟೆಗೆ ಬೆಂಕಿ ಹತ್ತಿದರೆ ಓಡದೆ ನೆಲಕ್ಕೆ ಬಿದ್ದು ಉರುಳಬೇಕು. ಮಕ್ಕಳಿಗೆ ಇದನ್ನು ಆಟದ ಥರ ಹತ್ತು ಸಲ ಮಾಡಿಸಿ.

ಇನ್ನೊಂದು, ರಸ್ತೆಯಲ್ಲಿ ಹುರುಳಿ, ರಾಗಿ ಒಕ್ಕುವುದು. ಹುರುಳಿ ಬಳ್ಳಿ ಕಾರಿನ ಅಡಿಯಲ್ಲಿ ಅಚ್ಚಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಕೊಳವೆಗೆ ತಾಗಿ ಹತ್ತಿಕೊಳ್ಳುತ್ತೆ. ಒಳಗಿರುವವರಿಗೆ ಹೊಗೆ ಕಾಣುವ ಹೊತ್ತಿಗೆ ತಡವಾಗಿರುತ್ತೆ. ಕಣ ಇರುವವರು ಕಣದಲ್ಲೇ ಒಕ್ಕಲಿ.

ನಾಲೆಬಯಲು:

ಕೊನೆಯದಾಗಿ ಒಂದು. ಮೆದೆಗಳ ನಡುವೆ ಜಾಗ ಬಿಡಿ ಅಂದರೆ ನಮ್ಮ ಕಣಗಳು ಒಂದಕ್ಕೊಂದು ಅಂಟಿಕೊಂಡಿವೆ. ಏನು ಮಾಡೋದು?

ಕಣಮೆದೆ:

ಮನೆ, ಕೊಟ್ಟಿಗೆಯಿಂದ 15 ಮೀಟರ್ ದೂರ ಇರಲಿ, ಅದರಲ್ಲಿ ರಾಜಿ ಬೇಡ. ಮೆದೆ ಮೆದೆಗೂ ಅಷ್ಟು ಬಿಡಲು ಆಗದಿದ್ದರೆ ನಾಲ್ಕೈದು ಮನೆಯವರು ಮಾತಾಡಿಕೊಂಡು ತಮ್ಮ ಮೆದೆಗಳನ್ನು ಒಂದು ಗುಂಪು ಮಾಡಿ, ಆ ಗುಂಪಿಗೂ ಮುಂದಿನ ಗುಂಪಿಗೂ ನಡುವೆ ಟ್ರ್ಯಾಕ್ಟರ್ ತಿರುಗುವಷ್ಟು, ಅಂದರೆ ಎಂಟು ಹತ್ತು ಮೀಟರ್ ಬಯಲು ಬಿಡಿ. ಆ ಬಯಲಿನಲ್ಲಿ ಉದುರಿದ ಹುಲ್ಲು ಗುಡಿಸಿ. ಒಬ್ಬರ ಹುಲ್ಲನ್ನೆಲ್ಲ ಒಂದೇ ಗುಂಪಿನಲ್ಲಿ ಇಡಬೇಡಿ, ಅರ್ಧ ಇಲ್ಲಿ ಅರ್ಧ ಅಲ್ಲಿ ಇಟ್ಟರೆ ಒಂದು ಗುಂಪು ಹೋದರೂ ಬೇಸಿಗೆಗೆ ದನಕ್ಕೆ ಮೇವು ಉಳಿಯುತ್ತೆ. ಠಾಣೆಯವರು ಬಂದ ದಿನ ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿಬಿಡಿ, ಆಮೇಲೆ ಜಗಳ ಇರಲ್ಲ.